ಕಣ್ಣು ಕಂಡಿದ್ದರಲ್ಲಿ ಕಿವಿಯ ಪಾಲೆಷ್ಟು? ಧ್ವನಿ, ಆಲಿಸುವಿಕೆ ಮತ್ತು ಮಾಧ್ಯಮದ ದೃಶ್ಯ: ಅಧ್ಯಯನ ಟಿಪ್ಪಣಿ

ಟಿವಿ ಸುದ್ದಿಯಲ್ಲಿ ಒಂದು ಸಿಸಿಟಿವಿ ದೃಶ್ಯ ಬರುತ್ತಿದೆ ಎಂದಿಟ್ಟುಕೊಳ್ಳಿ. ಒಬ್ಬ ಮನುಷ್ಯ ಅಂಗಡಿ ಮುಂದೆ ನಿಂತಿದ್ದಾನೆ, ಅತ್ತಿತ್ತ ನೋಡುತ್ತಾನೆ, ಆಮೇಲೆ ನಡೆದು ಹೋಗುತ್ತಾನೆ. ವಿಷಯ ಅಷ್ಟೇ. ವಾಹಿನಿ ಅದನ್ನೇ ಮತ್ತೆ ಮತ್ತೆ ತಿರುಗಿಸಿ ತೋರಿಸುತ್ತದೆ, ತಲೆಯ ಸುತ್ತ ಕೆಂಪು ವೃತ್ತ ಹಾಕುತ್ತದೆ, ಹಿನ್ನೆಲೆಯಲ್ಲಿ ಎದೆ ಬಡಿತದಂಥ ಸಂಗೀತ ಬಿಡುತ್ತದೆ. ನೋಡುವವರ ಕಣ್ಣಿಗೆ ಆ ಮನುಷ್ಯ ಹೊಂಚು ಹಾಕುತ್ತಿರುವವನಂತೆಯೇ ಕಾಣುತ್ತಾನೆ. ಈಗ ರಿಮೋಟಿನ ಮ್ಯೂಟ್ ಒತ್ತಿ ಅದೇ ತುಣುಕು ನೋಡಿ. ಬಸ್ಸಿಗೆ ಕಾಯುತ್ತಿರುವ ಯಾರೋ ಒಬ್ಬರು, ಅಷ್ಟೇ.

ರಸ್ತೆಗಳಲ್ಲಿ, ಅಂಗಡಿಗಳಲ್ಲಿ ಹಾಕಿರುವ ಎಷ್ಟೋ ಸಿಸಿಟಿವಿ ಕ್ಯಾಮೆರಾಗಳು ಧ್ವನಿಯನ್ನು ದಾಖಲಿಸುವುದೇ ಇಲ್ಲ. ಆ ತುಣುಕು ಮೂಲದಲ್ಲಿ ಮೂಕ. ನಮ್ಮ ಕಿವಿಗೆ ಬಿದ್ದದ್ದೆಲ್ಲ ಎಡಿಟಿಂಗ್ ಕೋಣೆಯಲ್ಲಿ ಸೇರಿದ್ದು. ಆದರೂ ಅನುಮಾನ ಬಂದದ್ದು ಸಂಗೀತದಿಂದ ಎಂದು ಯಾರೂ ಹೇಳುವುದಿಲ್ಲ; "ನಾನೇ ನೋಡಿದೆನಲ್ಲ, ಅವನ ನೋಟವೇ ಸರಿ ಇರಲಿಲ್ಲ" ಎನ್ನುತ್ತಾರೆ. ಈ ಟಿಪ್ಪಣಿಯ ತಿರುಳು ಇಷ್ಟೇ: ಕೆಲಸ ಮಾಡುವುದು ಕಿವಿ, ಹೆಸರು ಹೋಗುವುದು ಕಣ್ಣಿಗೆ.

ಫ್ರಾನ್ಸಿನ ಸಂಯೋಜಕ, ಚಿಂತಕ ಮಿಶೆಲ್ ಶಿಯೋನ್ 1990ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಕೊಟ್ಟ ಹೆಸರನ್ನು ನಾವು 'ಕೂಡಿಸಿದ ಮೌಲ್ಯ' ಎನ್ನಬಹುದು. ಧ್ವನಿಯು ದೃಶ್ಯಕ್ಕೆ ಒಂದು ಅರ್ಥವನ್ನೋ ಭಾವವನ್ನೋ ತಂದು ಸೇರಿಸುತ್ತದೆ. ಅದು ಮೊದಲಿನಿಂದಲೂ ದೃಶ್ಯದೊಳಗೇ ಇತ್ತು ಎಂದು ನಮಗೆ ಅನಿಸುತ್ತದೆ. ಈ ಎರಡನೇ ಭಾಗವನ್ನು ಉತ್ತರ ಪತ್ರಿಕೆಯಲ್ಲಿ ಬರೆಯಲು ತುಂಬ ಜನ ಮರೆಯುತ್ತಾರೆ. 'ಸಂಗೀತ ಭಾವನೆಯನ್ನು ಹೆಚ್ಚಿಸುತ್ತದೆ' ಎಂದು ಬರೆದರೆ ಅರ್ಧ ಉತ್ತರ. ಹೆಚ್ಚಿಸಿದ್ದು ನಮಗೆ ಗೊತ್ತೇ ಆಗುವುದಿಲ್ಲ ಎನ್ನುವುದು ಉಳಿದರ್ಧ, ಮುಖ್ಯವಾದ ಅರ್ಧ.

ಪ್ರಯೋಗಗಳು ಏನು ಹೇಳುತ್ತವೆ

ಮೊದಲನೆಯದು ಎಲ್ಲ ಪಠ್ಯಗಳಲ್ಲೂ ಬರುವ ಮೆಕ್‌ಗರ್ಕ್ ಪರಿಣಾಮ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಇದನ್ನು ವರದಿ ಮಾಡಿದರು. ಪರದೆಯ ಮೇಲಿನ ತುಟಿಗಳು 'ಗ' ಎನ್ನುತ್ತಿವೆ, ಸ್ಪೀಕರಿನಲ್ಲಿ 'ಬ' ಕೇಳಿಸುತ್ತಿದೆ. ನೋಡುವ ಬಹಳ ಜನರಿಗೆ ಕೇಳುವುದು ಎರಡೂ ಅಲ್ಲದ, 'ಡ'ಕ್ಕೆ ಹತ್ತಿರದ ಸದ್ದು. ಕಣ್ಣು ಮುಚ್ಚಿದ ತಕ್ಷಣ ಮತ್ತೆ 'ಬ'. ಗುಟ್ಟು ಗೊತ್ತಿದ್ದರೂ ಭ್ರಮೆ ನಿಲ್ಲುವುದಿಲ್ಲ. ಇಲ್ಲಿ ಕಿವಿಯನ್ನು ತಿದ್ದಿದ್ದು ಕಣ್ಣು ಎಂಬುದನ್ನು ಗಮನಿಸಿ. ಈ ಪರಿಣಾಮ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಜಪಾನಿ ಮಾತನಾಡುವವರಲ್ಲಿ ಇದು ಕಡಿಮೆ ಎಂದು 1991ರ ಅಧ್ಯಯನವೊಂದು ತೋರಿಸಿತು. ಕೇಳುವ ಅಭ್ಯಾಸಕ್ಕೂ ನಾವು ಬೆಳೆದ ಭಾಷೆಗೂ ನಂಟಿದೆ ಎನ್ನಲು ಇದು ಒಳ್ಳೆಯ ಆಧಾರ.

ತಿರುಗುಮುರುಗಾದದ್ದು 2000ದಲ್ಲಿ ಲಾಡನ್ ಶಮ್ಸ್ ಮತ್ತು ಸಂಗಡಿಗರು ತೋರಿಸಿದ ಪ್ರಯೋಗ. ಪರದೆಯಲ್ಲಿ ಒಂದೇ ಒಂದು ಸಲ ಬೆಳಕು ಮಿಂಚುತ್ತದೆ, ಅದರ ಜೊತೆ 'ಬೀಪ್' ಎಂದು ಎರಡು ಸಲ ಸದ್ದು. ನೋಡಿದವರು ಬೆಳಕು ಎರಡು ಸಲ ಮಿಂಚಿತು ಎನ್ನುತ್ತಾರೆ. ಇಲ್ಲದ್ದು ಕಣ್ಣಿಗೆ ಕಂಡಿತು, ಕಾಣಿಸಿದ್ದು ಸದ್ದು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು 1997ರ ರಾಬರ್ಟ್ ಸೆಕ್ಯುಲರ್ ಮತ್ತಿತರರ ಪ್ರಯೋಗ. ಮಾಧ್ಯಮದ ವಿದ್ಯಾರ್ಥಿಗಳು ಬೇರೇನು ಬಿಟ್ಟರೂ ಇದನ್ನು ಬಿಡಬಾರದು. ಎರಡು ಚುಕ್ಕೆಗಳು ಪರದೆಯ ಎರಡು ಬದಿಗಳಿಂದ ಹೊರಟು ನಡುವೆ ಸೇರಿ, ಮತ್ತೆ ಬೇರೆಯಾಗುತ್ತವೆ. ಸದ್ದಿಲ್ಲದೆ ನೋಡಿದರೆ ಒಂದು ಇನ್ನೊಂದನ್ನು ದಾಟಿಕೊಂಡು ಹೋದಂತೆ ಕಾಣುತ್ತದೆ. ಅವು ಸೇರುವ ಕ್ಷಣಕ್ಕೆ ಸರಿಯಾಗಿ ಸಣ್ಣದೊಂದು 'ಟಕ್' ಹಾಕಿದರೆ ಸಾಕು, ಡಿಕ್ಕಿ ಹೊಡೆದು ಹಿಂದಕ್ಕೆ ಪುಟಿದಂತೆ ಕಾಣುವ ಸಂಭವ ಬಹಳ ಹೆಚ್ಚುತ್ತದೆ. ದೃಶ್ಯದ ಒಂದು ಚುಕ್ಕಿಯೂ ಬದಲಾಗಿಲ್ಲ, ಘಟನೆ ಮಾತ್ರ ಬದಲಾಗಿದೆ. ಹೊಡೆದಾಟದ ದೃಶ್ಯದಲ್ಲಿ ನಡೆಯುವುದೂ ಇದೇ. ನಟನ ಮುಷ್ಟಿ ಎದುರಿನವನ ದವಡೆಯ ಪಕ್ಕದಲ್ಲಿ ಗಾಳಿಯಲ್ಲಿ ಹೋಗುತ್ತದೆ, ಎದುರಿನವನು ತಲೆ ತಿರುಗಿಸುತ್ತಾನೆ; ಆ ಗಳಿಗೆಗೆ 'ಢಿಶುಂ' ಬಿದ್ದರೆ ಏಟು ಬಿತ್ತು. ನಿಜವಾದ ಏಟಿಗೆ ಅಂಥ ಸದ್ದೇ ಇಲ್ಲ, ಇದು ನಮಗೆಲ್ಲ ಗೊತ್ತು, ಆದರೂ ಸದ್ದಿಲ್ಲದ ಏಟು ಸುಳ್ಳು ಅನಿಸುತ್ತದೆ. ಒಂದೇ ಕ್ಷಣದಲ್ಲಿ ಬಂದ ಸದ್ದು-ದೃಶ್ಯಗಳು ತಾವಾಗಿಯೇ ಅಂಟಿಕೊಳ್ಳುವುದಕ್ಕೆ ಶಿಯೋನ್ 'ಸಿಂಕ್ರೆಸಿಸ್' ಎಂದು ಹೆಸರಿಟ್ಟರು.

ಹಾಗಾದರೆ ಕಿವಿಯೇ ಎಲ್ಲವನ್ನೂ ಆಳುತ್ತದೆಯೇ? ಹಾಗೆ ಬರೆದರೆ ತಪ್ಪಾಗುತ್ತದೆ. ಸ್ಥೂಲವಾಗಿ ಹೀಗೆ ನೆನಪಿಡಬಹುದು: 'ಯಾವಾಗ' ಎಂಬ ಪ್ರಶ್ನೆಯಲ್ಲಿ ಕಿವಿಯ ಮಾತು ನಡೆಯುತ್ತದೆ, 'ಎಲ್ಲಿ' ಎಂಬುದರಲ್ಲಿ ಕಣ್ಣಿನದು. ಟಿವಿಯ ಸ್ಪೀಕರ್ ಕೆಳಗೋ ಹಿಂದೋ ಇರುತ್ತದೆ, ಮಾತು ಮಾತ್ರ ನಟಿಯ ಬಾಯಿಂದಲೇ ಬರುತ್ತದೆ. ತೊಗಲುಗೊಂಬೆಯಾಟದಲ್ಲಿ ಕಲಾವಿದರು ಪರದೆಯ ಹಿಂದೆ ಕೂತು ಹಾಡಿ ಮಾತಾಡುತ್ತಾರೆ, ನಮಗೆ ಮಾತಾಡುವುದು ರಾವಣನ ಗೊಂಬೆ. ಕಣ್ಣಿಗೆ ಸಿಕ್ಕ ಮಾಹಿತಿ ಮಸುಕಾದಷ್ಟೂ ಜಾಗದ ವಿಷಯದಲ್ಲೂ ಕಿವಿಯ ತೂಕ ಹೆಚ್ಚುತ್ತದೆ ಎಂದು 2004ರಲ್ಲಿ ಅಲೈಸ್ ಮತ್ತು ಬರ್ ತೋರಿಸಿದರು. ಯಾವ ಇಂದ್ರಿಯದ ಸಾಕ್ಷ್ಯ ಹೆಚ್ಚು ನಂಬಿಕೆಗೆ ಅರ್ಹವೋ ಮಿದುಳು ಅದರ ಕಡೆ ವಾಲುತ್ತದೆ.

ಒಂದೇ ಬಾಯಿ, ಎರಡು ಕಂಠ

ಸಿಂಕ್ರೆಸಿಸ್‌ಗೆ ಪರದೇಶದ ಉದಾಹರಣೆ ಹುಡುಕಬೇಕಿಲ್ಲ. ರಾಜ್‌ಕುಮಾರ್ ಅವರ ಚಿತ್ರಗಳಲ್ಲಿ ವರ್ಷಗಟ್ಟಲೆ ಹಾಡುಗಳಿಗೆ ಕಂಠ ಕೊಟ್ಟವರು ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್. ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ರಾಜ್ ಸಂಭಾಷಣೆಯ ಕೊನೆಯ ಮಾತು ಹೇಳುತ್ತಾರೆ, ಅದು ಅವರದೇ ಕಂಠ. ವಾದ್ಯಗಳು ಏಳುತ್ತವೆ. ಪಲ್ಲವಿ ಶುರುವಾಗುತ್ತದೆ, ಅದು ಇನ್ನೊಬ್ಬರ ಕಂಠ. ಬಾಯಿ ಒಂದೇ, ಮುಖ ಒಂದೇ, ನಡುವೆ ಇರುವುದು ಅರೆ ನಿಮಿಷದ ವಾದ್ಯಸಂಗೀತ. ಇಡೀ ನಾಡು ಎರಡನ್ನೂ ರಾಜಣ್ಣನದೇ ದನಿ ಎಂದು ಮನಸ್ಸು ತುಂಬಿ ಒಪ್ಪಿಕೊಂಡಿತು. ಹಾಡಿದವರು ಯಾರೆಂದು ಗೊತ್ತಿದ್ದವರೂ ಒಪ್ಪಿಕೊಂಡರು.

ಇದರಲ್ಲಿ ತುಟಿ ಚಲನೆಯ ಪಾತ್ರ ದೊಡ್ಡದು, ಅದಕ್ಕೂ ಮಿಗಿಲಾದದ್ದು ಗಾಯಕರ ಶ್ರದ್ಧೆ. ಶ್ರೀನಿವಾಸ್ ಅವರ ಮೆದುವಾದ ಮಂದ್ರ ರಾಜ್ ಅವರ ಮಾತಿನ ದನಿಯ ಪಕ್ಕದಲ್ಲೇ ಕೂರುತ್ತಿತ್ತು, ಹೊಲಿಗೆ ಕಾಣುತ್ತಿರಲಿಲ್ಲ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜ್ ಹಾಡಿದ ಹಾಡು ಮನೆಮಾತಾಯಿತು. ಆಮೇಲೆ ತಮ್ಮ ಪಾತ್ರಕ್ಕೆ ತಾವೇ ಹಾಡುವುದು ಅವರಿಗೆ ರೂಢಿಯಾಯಿತು. ನಂತರದ ತಲೆಮಾರಿಗೆ ಆ ಮುಖಕ್ಕೆ ಆ ದನಿಯೇ ಸಹಜ. ಮುಖಕ್ಕೂ ದನಿಗೂ ಗಂಟು ಬೀಳುವುದು ಬಳಕೆಯಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಡಬ್ಬಿಂಗ್ ಚಿತ್ರ ನೋಡುವಾಗ ಮೊದಲ ಹತ್ತು ನಿಮಿಷ ಕಸಿವಿಸಿಯಾಗಿ ಆಮೇಲೆ ಸರಿಹೋಗುವುದೂ ಇದೇ ಕಾರಣಕ್ಕೆ.

ತಡವಾದರೆ ಕ್ಷಮೆ, ಮುಂಚೆ ಬಂದರೆ ಇಲ್ಲ

ಇದು ತಾಂತ್ರಿಕ ವಿಷಯ, ಆದರೆ ನಿತ್ಯದ ಬದುಕಿಗೆ ನೇರವಾಗಿ ತಾಗುತ್ತದೆ. ಮಾತಿಗೂ ತುಟಿಗೂ ಎಷ್ಟು ಅಂತರ ಬಿದ್ದರೆ ನೋಡುಗರಿಗೆ ಗೊತ್ತಾಗುತ್ತದೆ ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರಕರಿಗೆ ಅಂಕಿ ಕೊಟ್ಟಿತು. ಸದ್ದು ದೃಶ್ಯಕ್ಕಿಂತ ಮುಂಚೆ ಬಂದರೆ ಸುಮಾರು 45 ಮಿಲಿಸೆಕೆಂಡಿಗೇ ಪತ್ತೆಯಾಗುತ್ತದೆ, ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ಗೊತ್ತಾಗುವುದಿಲ್ಲ. ಈ ಪಕ್ಷಪಾತ ಯಾಕೆ? ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಕ್ರಿಕೆಟ್ ಮೈದಾನದಲ್ಲಿ ಬ್ಯಾಟ್ಸ್‌ಮನ್‌ನಿಂದ 70 ಮೀಟರ್ ದೂರ ಕೂತರೆ ಚೆಂಡು ಬ್ಯಾಟಿಗೆ ತಾಗಿದ್ದು ಕಂಡು ಸೆಕೆಂಡಿನ ಐದನೇ ಒಂದು ಭಾಗದ ಮೇಲೆ 'ಟಕ್' ಕೇಳುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದವರಿಗೂ ಇದು ಗೊತ್ತು. ನಿಸರ್ಗದಲ್ಲಿ ಸದ್ದು ಯಾವತ್ತೂ ಬೆಳಕಿಗಿಂತ ಮೊದಲು ಬರುವುದಿಲ್ಲ. ಹಾಗಾಗಿ ತಡವನ್ನು ಮಿದುಳು ದೂರವೆಂದು ಓದಿಕೊಂಡು ಸುಮ್ಮನಾಗುತ್ತದೆ. ಮುಂಚೆ ಬಂದ ಸದ್ದಿಗೆ ಅದರ ಬಳಿ ಲೆಕ್ಕವೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ಮಾತು ಮೊದಲು ಬಂದು ತುಟಿ ಆಮೇಲೆ ಆಡಿದಾಗ ಆಗುವ ಕಿರಿಕಿರಿಯ ಬೇರು ಇಲ್ಲಿದೆ.

ಆಲಿಸುವುದರಲ್ಲಿ ಮೂರು ಬಗೆ

ಶಿಯೋನ್ ಮೂರು ಬಗೆಯ ಆಲಿಸುವಿಕೆಯನ್ನು ಹೇಳುತ್ತಾರೆ. ಸದ್ದು ಯಾವುದರಿಂದ ಬಂತು ಎಂದು ತಿಳಿಯಲು ಕೇಳುವುದು ಕಾರಣದ ಆಲಿಸುವಿಕೆ. ಸದ್ದು ಹೊತ್ತು ತಂದ ಸಂದೇಶಕ್ಕಾಗಿ ಕೇಳುವುದು ಅರ್ಥದ ಆಲಿಸುವಿಕೆ. ಇವೆರಡನ್ನೂ ಬದಿಗಿಟ್ಟು ಸದ್ದನ್ನು ಸದ್ದಾಗಿಯೇ ಕೇಳುವುದು ಮೂರನೆಯದು. ಇದರ ಮೂಲ ಪಿಯರ್ ಶೆಫರ್. ಫ್ರೆಂಚ್ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಇವರು 1948ರಲ್ಲಿ ರೈಲಿನ ಸದ್ದುಗಳನ್ನು ಮುದ್ರಿಸಿ, ಕತ್ತರಿಸಿ, ಮತ್ತೆ ಮತ್ತೆ ನುಡಿಸಿ ಸಂಗೀತ ಕಟ್ಟಿದರು. ಪದೇ ಪದೇ ಕೇಳಿದಾಗ ರೈಲು ಮರೆಯಾಗಿ ಲಯವೂ ಬಣ್ಣವೂ ಉಳಿಯುತ್ತವೆ.

ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರನ್ನು ಗಮನಿಸಿ. ಬೆಲೆ ಕೂಗುವುದು ಕಿವಿಗೆ ಬೀಳುತ್ತಿದೆ, ಅದು ಅರ್ಥ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ನೀರು ಎಷ್ಟಿದೆ ಎಂದು ಕೇಳಿಕೊಳ್ಳುತ್ತಾರೆ; ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಅದು ಕಾರಣ. ಕಣ್ಣಿಗೆ ಕಾಣದ ಒಳಗನ್ನು ಕಿವಿಯಿಂದ ನೋಡುವ ಕೆಲಸ ಇದು. ಮೂರನೆಯದಕ್ಕೆ ಕಛೇರಿಗೆ ಮುಂಚೆ ಮೃದಂಗ ಸಿದ್ಧ ಮಾಡುವವರ ಪಕ್ಕ ಕೂರಬೇಕು. ಎಡಮುಖಕ್ಕೆ ರವೆ ಕಲಸಿ ಹಚ್ಚಿ, ನುಡಿಸಿ, ಚೂರು ತೆಗೆದು, ಮತ್ತೆ ನುಡಿಸಿ, ಆ ಗುಂಕಾರ ಸರಿಬರುವವರೆಗೆ ಅವರಿಗೆ ಬೇರೇನೂ ಕೇಳುವುದಿಲ್ಲ.

ಕಾರಣದ ಆಲಿಸುವಿಕೆ ಸುಲಭವಾಗಿ ಮೋಸಹೋಗುತ್ತದೆ ಎಂದೂ ಶಿಯೋನ್ ಎಚ್ಚರಿಸುತ್ತಾರೆ. ಜಾಹೀರಾತುಗಳಿಗೆ ಇದು ಚೆನ್ನಾಗಿ ಗೊತ್ತು. 2004ರಲ್ಲಿ ಪ್ರಕಟವಾದ ಜಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಅವರ ಪ್ರಯೋಗದಲ್ಲಿ ಆಲೂಗಡ್ಡೆ ಚಿಪ್ಸ್ ಕಚ್ಚುವವರ ಕಿವಿಗೆ ಅವರದೇ ಕಚ್ಚುವ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದರು. ತಾರಕ ಸ್ವರಾಂಶಗಳನ್ನು, ಅಂದರೆ ಆ ಸದ್ದಿನೊಳಗಿನ ಎತ್ತರದ ಕಂಪನಗಳನ್ನು, ಹೆಚ್ಚಿಸಿದಾಗ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನಿಸಿತು.

ಮುಖವಿಲ್ಲದ ದನಿ

ಮೂಲ ಕಾಣದೆ ಕೇಳುವ ಸದ್ದಿಗೆ 'ಅಕೂಸ್ಮ್ಯಾಟಿಕ್' ಎನ್ನುತ್ತಾರೆ. ರೇಡಿಯೊ ಪೂರ್ತಿ ಹೀಗೆಯೇ. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಎಂಬ ಹೆಸರಿನಲ್ಲಿ ಬಾನುಲಿ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ನಮ್ಮ ವಿಷಯಕ್ಕೆ ಇದು ಎಷ್ಟು ಹೊಂದುತ್ತದೆ ನೋಡಿ. ವಾಲ್ಟರ್ ಕೌಫ್‌ಮನ್ ಶಿವರಂಜನಿ ರಾಗದಲ್ಲಿ ಸಂಯೋಜಿಸಿದ ಆಲ್ ಇಂಡಿಯಾ ರೇಡಿಯೊದ ಗುರುತಿನ ಸಂಗೀತ ಕೇಳಿದರೆ ಈಗಲೂ ಹಲವರಿಗೆ ಬೆಳಗಿನ ಅಡುಗೆಮನೆ ಕಣ್ಣೆದುರು ಬರುತ್ತದೆ.

ಆದರೆ ದನಿಯಿಂದಲೇ ಚಿತ್ರ ಕಟ್ಟುವ ಕಲೆ ನಮ್ಮಲ್ಲಿ ರೇಡಿಯೊಗಿಂತ ಹಳೆಯದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಎದುರಿಗೆ ಕಾಣುತ್ತಿರುವುದು ಪಂಚೆ ಶಾಲು, ಕೇಳುಗರು ನೋಡುತ್ತಿರುವುದು ಕೌರವನನ್ನು. ಸುದ್ದಿ ವಾಹಿನಿಯ ಸಂಗೀತ ಕಣ್ಣೆದುರಿನ ದೃಶ್ಯವನ್ನು ಬಾಗಿಸುತ್ತದೆ. ಇಲ್ಲಿ ಕೇಳುಗನೇ ದೃಶ್ಯ ಕಟ್ಟುತ್ತಾನೆ, ಅದೂ ಗೊತ್ತಿದ್ದು, ಒಪ್ಪಿ. ನನ್ನ ಮಟ್ಟಿಗೆ ಇವೆರಡರ ನಡುವಿನ ವ್ಯತ್ಯಾಸ ತುಂಬ ದೊಡ್ಡದು, ಪ್ರಬಂಧ ಬರೆಯುವವರು ಇದರ ಮೇಲೆ ಕೆಲಸ ಮಾಡಬೇಕು.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಕೆನಡಾದ ಆರ್. ಮರ್ರೆ ಶೇಫರ್ ಒಂದು ಊರಿನ ಒಟ್ಟು ಸದ್ದುಗಳನ್ನು 'ಸೌಂಡ್‌ಸ್ಕೇಪ್' ಎಂದು ಅಧ್ಯಯನ ಮಾಡಿದವರು. ಸದಾ ಇದ್ದು ಗಮನಕ್ಕೇ ಬಾರದ ತಳದ ಸದ್ದು ಅವರಿಗೆ ಬಹಳ ಮುಖ್ಯ. ಕರೆಂಟ್ ಹೋದ ಕ್ಷಣ ಫ್ರಿಜ್, ಫ್ಯಾನು ನಿಂತಾಗ ಅಷ್ಟು ಹೊತ್ತೂ ಅವು ಸದ್ದು ಮಾಡುತ್ತಿದ್ದವು ಎಂದು ತಿಳಿಯುತ್ತದಲ್ಲ, ಅದೇ. ಇನ್ನೊಂದು, ಹಳೆಯ ದೂರವಾಣಿ ದಾಟಿಸುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಮಾತ್ರ. ಗಂಡಸಿನ ದನಿಯ ಮೂಲ ಸ್ವರ ಇದಕ್ಕಿಂತ ಕೆಳಗಿನದು, ತಂತಿಯಲ್ಲಿ ಬರುವುದೇ ಇಲ್ಲ; ಮೇಲಿನ ಸ್ವರಾಂಶಗಳಿಂದ ಮಿದುಳು ಅದನ್ನು ತುಂಬಿಕೊಳ್ಳುತ್ತದೆ. ಅಪ್ಪನ ಗಡಸು ದನಿ ಫೋನಿನಲ್ಲೂ ಗಡಸಾಗಿಯೇ ಕೇಳುತ್ತಿದ್ದದ್ದು ಹೀಗೆ.

ಮಾಡಿ ನೋಡುವ ಅಭ್ಯಾಸ

ಶಿಯೋನ್ ಹೇಳಿಕೊಡುವ ವಿಧಾನ ಸರಳ: ಒಂದನ್ನು ಮುಚ್ಚಿ ಇನ್ನೊಂದನ್ನು ಗಮನಿಸುವುದು. ಯಾವುದಾದರೂ ಧಾರಾವಾಹಿಯ ಮೂರು ನಿಮಿಷ ತೆಗೆದುಕೊಳ್ಳಿ. ಅತ್ತೆ ಏನೋ ಹೇಳಿದಾಗ ಮನೆಯವರೆಲ್ಲರ ಮುಖ ಒಂದೊಂದಾಗಿ ತೋರಿಸಿ 'ಢಣ್ ಢಣ್' ಎನ್ನಿಸುವ ಭಾಗವಾದರೆ ಒಳ್ಳೆಯದು. ಮೊದಲು ಮ್ಯೂಟ್ ಮಾಡಿ ನೋಡಿ, ಪ್ರತಿ ಮುಖದಲ್ಲಿ ಯಾವ ಭಾವ ಕಂಡಿತು ಎಂದು ಬರೆಯಿರಿ. ಎರಡನೇ ಸಲ ಪರದೆಗೆ ಟವೆಲ್ ಹೊದಿಸಿ ಕೇಳಿ, ಪ್ರತಿ ಸದ್ದನ್ನೂ ಪಟ್ಟಿ ಮಾಡಿ, ಕಾಲ್ಗೆಜ್ಜೆ, ಬಾಗಿಲು, ಉಸಿರು ಒಂದನ್ನೂ ಬಿಡಬೇಡಿ. ಮೂರನೇ ಸಲ ಎರಡನ್ನೂ ಕೂಡಿಸಿ ನೋಡಿ, ಮೊದಲ ಪಟ್ಟಿಯಲ್ಲಿ ಇಲ್ಲದ ಯಾವ ಭಾವ ಈಗ ಯಾವ ಮುಖದ ಮೇಲೆ ಬಂದು ಕೂತಿದೆ, ಅದು ಬಂದ ಗಳಿಗೆಯಲ್ಲಿ ಯಾವ ಸದ್ದಿತ್ತು ಎಂದು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.