ಗ್ಯಾಸ್ ಇರುವುದು ಸಕ್ಕರೆಯಲ್ಲಿ, ಈಸ್ಟ್‌ನಲ್ಲಲ್ಲ

ಬಾಟಲಿಯಲ್ಲಿ ಸಕ್ಕರೆ ನೀರಿಗೆ ಈಸ್ಟ್ ಹಾಕಿ ಹುದುಗಿಸಿ, ಏಳುವ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನು ನಳಿಕೆಯಲ್ಲಿ ಗಿಡದ ಅಕ್ವೇರಿಯಂಗೆ ಬಿಡ ಹೊರಟವರದು ಒಂದೇ ಪ್ರಶ್ನೆ: "ಗುಳ್ಳೆ ಸಾಲ್ತಿಲ್ಲ ಸರ್, ಇನ್ನರ್ಧ ಚಮಚ ಈಸ್ಟ್ ಹಾಕ್ಲಾ?" ಬೇಡ. ಹಾಕಿದರೆ ಎರಡು ದಿನ ಬುಳುಬುಳು ಎಂದು ಆಮೇಲೆ ಮಲಗಿಬಿಡುತ್ತದೆ.

ಈಸ್ಟ್ ಕೂಲಿಯಾಳು, ಸಕ್ಕರೆ ಸರಕು. ಆಳು ಹೆಚ್ಚಾದರೆ ಸರಕು ಬೇಗ ಖಾಲಿಯಾದೀತೇ ಹೊರತು ಹೆಚ್ಚಾಗದು. 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೂ ಸಿಗುವ ಗ್ಯಾಸ್ ಸುಮಾರು 100 ಗ್ರಾಂ, ಅಷ್ಟೇ. ಹಾಗಾದರೆ 400 ಗ್ರಾಂ ಸುರಿಯೋಣ ಎಂದರೆ ಅದೂ ನಡೆಯದು. ಗ್ಯಾಸ್‌ನಷ್ಟೇ ತೂಕದ ಮದ್ಯಸಾರ ಬಾಟಲಿಯಲ್ಲೇ ಉಳಿಯುತ್ತದೆ. ಅದು ಶೇ. 10-12ರ ಹತ್ತಿರ ಬಂದಾಗ ಬೇಕರಿ ಈಸ್ಟ್ ಸಾಮಾನ್ಯವಾಗಿ ಕೈಚೆಲ್ಲುತ್ತದೆ. ಮಿಕ್ಕ ಸಕ್ಕರೆ ಪಾನಕವಾಗಿ ಕೂರುತ್ತದೆ.

ಅಳತೆ ಇಷ್ಟು: 2 ಲೀಟರಿನ ತಂಪುಪಾನೀಯದ ಬಾಟಲಿ, 200 ಗ್ರಾಂ ಸಕ್ಕರೆ, ಕಾಲು ಚಮಚ ಒಣ ಈಸ್ಟ್, ಕಾಲು ಚಮಚ ಅಡುಗೆ ಸೋಡಾ, ಒಂದೂವರೆ ಲೀಟರ್ ಉಗುರುಬೆಚ್ಚಗಿನ ನೀರು. ಮೇಲಿನ ಜಾಗ ನೊರೆಗೆ ಬೇಕು. ಗಾಜಿನ ಬಾಟಲಿ ಖಂಡಿತ ಬೇಡ. ಗ್ಯಾಸ್ ಶುರುವಾಗಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ, ಎರಡು ವಾರ ಬಂದರೆ ಒಳ್ಳೆಯದೇ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ನಿಧಾನ, ಮಂಗಳೂರಿನ ಸೆಕೆಯಲ್ಲಿ ಜೋರು. ದೋಸೆ ಹಿಟ್ಟಿನ ಲೆಕ್ಕವೇ. ಒಂದೇ ಸಮ ಬರಬೇಕೆಂದರೆ ಎರಡು ಬಾಟಲಿ ಇಟ್ಟು ವಾರಕ್ಕೊಂದರಂತೆ ಬದಲಾಯಿಸಿ, ಎರಡಕ್ಕೂ ಬೇರೆ ಬೇರೆ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಹಾಕಿ.

ಇಷ್ಟಾದರೂ ಗುಳ್ಳೆ ಇಲ್ಲವೇ? ಬಾಟಲಿ ಅದುಮಿ ನೋಡಿ. ಕಲ್ಲಿನಂತೆ ಗಟ್ಟಿಯಿದ್ದರೆ ನಳಿಕೆಯ ತುದಿಯಲ್ಲಿ ಗ್ಯಾಸನ್ನು ಸಣ್ಣ ಗುಳ್ಳೆಯಾಗಿಸುವ ಡಿಫ್ಯೂಸರ್ ಕಟ್ಟಿಕೊಂಡಿದೆ, ತಡಮಾಡದೆ ಬಿಚ್ಚಿ. ಮೆತ್ತಗಿದ್ದರೆ ಮುಚ್ಚಳದಲ್ಲಿ ಸೋರಿಕೆ ಇರುವ ಸಂಭವವೇ ಹೆಚ್ಚು. ಸೋಪಿನ ನೊರೆ ಸವರಿದರೆ ಗೊತ್ತಾಗುತ್ತದೆ. ಸೋರುವ ಜಾಗಕ್ಕೆ ಸಿಲಿಕೋನ್ ಅಂಟು ಮೆತ್ತಿ ಪ್ರಯೋಜನವಿಲ್ಲ, ಮುಚ್ಚಳದ ಪ್ಲಾಸ್ಟಿಕ್ಕಿಗೆ ಅದು ಅಂಟುವುದಿಲ್ಲ. 6 ಮಿ.ಮೀ. ನಳಿಕೆಯಾದರೆ ಮುಚ್ಚಳದಲ್ಲಿ 5 ಮಿ.ಮೀ. ತೂತು ಕೊರೆಯಿರಿ. ನಳಿಕೆಯ ತುದಿಯನ್ನು ಪೆನ್ನಿನ ನಿಬ್ಬಿನಂತೆ ಓರೆಯಾಗಿ ಕತ್ತರಿಸಿ ತೂರಿಸಿ, ಇನ್ನೊಂದು ಕಡೆಯಿಂದ ಇಕ್ಕಳದಲ್ಲಿ ಎಳೆಯಿರಿ. ಆ ಬಿಗಿಯೇ ಸೀಲು. ಬಾಟಲಿಗೂ ಟ್ಯಾಂಕಿಗೂ ಮಧ್ಯೆ ಅರ್ಧ ನೀರು ತುಂಬಿದ ಸಣ್ಣ ಬಾಟಲಿಯಿದ್ದರೆ ನೊರೆ ಟ್ಯಾಂಕಿಗೆ ಹೋಗದೆ ಅಲ್ಲೇ ನಿಲ್ಲುತ್ತದೆ, ಗುಳ್ಳೆಯೂ ಎಣಿಸಬಹುದು.

ಆದರೆ ಗುಳ್ಳೆಯ ಎಣಿಕೆ ನಂಬಿ ಕೂರಬೇಡಿ. ಮೇಲೆದ್ದು ಒಡೆದದ್ದು ಗಿಡಕ್ಕೆ ಸಿಗಲಿಲ್ಲ. ನಳಿಕೆಯ ತುದಿಯನ್ನು ಪವರ್‌ಹೆಡ್ (ಟ್ಯಾಂಕಿನೊಳಗಿನ ಸಣ್ಣ ಪಂಪ್) ನೀರೆಳೆಯುವ ಬಾಯಿಗೆ ಸಿಕ್ಕಿಸಿದರೆ ಗುಳ್ಳೆ ಪುಡಿಯಾಗಿ ಕರಗುತ್ತದೆ. ಕರಗಿದ ಗ್ಯಾಸ್ ಎಷ್ಟೆಂದು ಬಣ್ಣದಿಂದ ಹೇಳುವುದು ಟ್ಯಾಂಕಿನೊಳಗೆ ಅಂಟಿಸುವ ಪುಟ್ಟ ಬುಡ್ಡಿ, ಡ್ರಾಪ್ ಚೆಕರ್. 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣ ತುಂಬಿದ್ದು ಹಸಿರಾದರೆ ಸುಮಾರು 30 ಪಿಪಿಎಂ (ಲೀಟರಿಗೆ 30 ಮಿ.ಗ್ರಾಂ), ಸಾಕು. ನೀಲಿಯೆಂದರೆ ಕಡಿಮೆ, ಹಳದಿಯೆಂದರೆ ಮೀನಿಗೆ ಅಪಾಯ. ಬಣ್ಣ ತಿರುಗಲು ಒಂದೆರಡು ಗಂಟೆ ಬೇಕು, ಹತ್ತು ನಿಮಿಷಕ್ಕೊಮ್ಮೆ ಇಣುಕಬೇಡಿ.

ರಾತ್ರಿ ಗಿಡಕ್ಕೆ ಈ ಗ್ಯಾಸ್ ಬೇಡ, ಈಸ್ಟ್‌ಗೆ ಮಾತ್ರ ರಾತ್ರಿಯೆಂಬುದಿಲ್ಲ. ಹಾಗಂತ ವಾಲ್ವ್ ತಿರುಗಿಸಿ ಮುಚ್ಚಿದರೆ ಬಾಟಲಿ ಸಿಡಿದೀತು. ದೀಪ ಆರಿಸಿದಾಗ ಏರ್ ಪಂಪ್ ಹಾಕಿ. ಬೆಳಿಗ್ಗೆ ಮೀನುಗಳು ನೀರಿನ ಮೇಲೆ ಬಾಯಿ ಬಾಯಿ ಬಿಡುತ್ತಿದ್ದರೆ ಮೊದಲು ನಳಿಕೆಯನ್ನು ಟ್ಯಾಂಕಿನಿಂದ ಹೊರಗೆ ತೆಗೆಯಿರಿ, ಫೋನು ಆಮೇಲೆ ಮಾಡಿ.