ಈ ಬಿಡ್‌ಗೆ ಪಾಸ್ ಹೇಳಬಹುದಾ? ಬ್ರಿಜ್ ಟೇಬಲ್‌ನ ನೂರು ವರ್ಷದ ತಕರಾರು

ಬಳ್ಳಾರಿ, ರಾಯಚೂರು ಕಡೆ ಇಸ್ಪೀಟು ಅಂದರೆ ಮೊದಲು ನೆನಪಾಗೋದು ರಮ್ಮಿ. ಬ್ರಿಜ್ ಆಡುವವರು ಕಡಿಮೆ. ಆದರೆ ಆಡುವವರು ಬಿಟ್ಟೂಬಿಡದೆ ಆಡುತ್ತಾರೆ, ಮತ್ತು ಅವರ ನಡುವೆ ಮುಗಿಯದ ತಕರಾರು ಒಂದೇ: ಆ ಬಿಡ್ ಫೋರ್ಸಿಂಗಾ, ಅಲ್ವಾ? ಬ್ರಿಜ್ ನಾಲ್ವರ ಆಟ, ಎದುರುಬದುರು ಕೂತ ಇಬ್ಬರು ಪಾರ್ಟ್‌ನರ್‌ಗಳು. ಆಟ ಶುರುವಾಗುವ ಮೊದಲು ಆರರ ಮೇಲೆ ಇಷ್ಟು ಟ್ರಿಕ್ (ನಾಲ್ಕು ಎಲೆಯ ಸುತ್ತು) ಗೆಲ್ತೀವಿ, ತುರುಪು ಈ ಸೂಟ್ ಎಂದು ಸರದಿಯಂತೆ ಹೇಳೋದೇ ಬಿಡ್.

ಫೋರ್ಸಿಂಗ್ ಅಂದರೆ "ಇದಕ್ಕೆ ಪಾಸ್ ಹೇಳಬೇಡ, ಇನ್ನೊಂದು ಬಿಡ್ ಮಾಡು" ಎಂದು ಪಾರ್ಟ್‌ನರ್‌ಗೆ ಹೇಳುವ ಬಿಡ್. ಕೇಳೋಕೆ ಸುಲಭ. ಆದರೆ ಯಾವ ಬಿಡ್‌ಗೆ ಆ ಗುಣ ಇದೆ ಅನ್ನೋದು ಆಟದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಾನೂನಿನ ಪ್ರಕಾರ ತನ್ನ ಸರದಿ ಬಂದಾಗ ಯಾರು ಬೇಕಾದರೂ ಪಾಸ್ ಹೇಳಬಹುದು, ದಂಡ ಇಲ್ಲ. ಫೋರ್ಸಿಂಗ್ ಅನ್ನೋದು ಇಬ್ಬರು ಪಾರ್ಟ್‌ನರ್‌ಗಳು ಮಾಡಿಕೊಂಡ ಒಪ್ಪಂದ. ಒಪ್ಪಂದ ಇಲ್ಲದಿದ್ದರೆ ಇಬ್ಬರೂ ತಾವು ಕಲಿತ ಕಾಲದ ರೂಢಿಯನ್ನೇ ನಂಬಿ ಕೂರುತ್ತಾರೆ. ಗೋಜಲು ಶುರುವಾಗೋದು ಅಲ್ಲಿಂದ.

ಇದರ ಬೇರು 1925ರಲ್ಲಿದೆ. ಆ ವರ್ಷ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಪನಾಮ ಕಾಲುವೆ ದಾಟುವ ಹಡಗಿನಲ್ಲಿ ಹೊಸ ಸ್ಕೋರಿಂಗ್ ಮಾಡಿ ಆಡಿಸಿದ. ಅದಕ್ಕೂ ಮುಂಚಿನ ಆಕ್ಷನ್ ಬ್ರಿಜ್‌ನಲ್ಲಿ ನೀವು ಎಷ್ಟು ಬಿಡ್ ಮಾಡಿದ್ದರೂ ಗೆದ್ದ ಟ್ರಿಕ್‌ಗಳೆಲ್ಲ ಗೇಮ್‌ (ಬೋನಸ್ ತರುವ ನಿಗದಿತ ಅಂಕ) ಲೆಕ್ಕಕ್ಕೆ ಸೇರುತ್ತಿದ್ದವು. ಎರಡು ಸ್ಪೇಡ್‌ಗೆ ನಿಂತು ನಾಲ್ಕು ಮಾಡಿದರೂ ನಷ್ಟ ಇರಲಿಲ್ಲ. ಕಾಂಟ್ರ್ಯಾಕ್ಟ್ ಬ್ರಿಜ್‌ನಲ್ಲಿ ಬಿಡ್ ಮಾಡಿದಷ್ಟೇ ಗೇಮ್‌ಗೆ ಸೇರುತ್ತದೆ. ಹಾಗಾಗಿ ಒಳ್ಳೆ ಕೈ ಇದ್ದಾಗ ಮಧ್ಯದಲ್ಲೇ ಪಾರ್ಟ್‌ನರ್ ಪಾಸ್ ಹೇಳಿಬಿಟ್ಟರೆ ಗೇಮ್ ಬೋನಸ್ ಹೋಯಿತು. ಅವನನ್ನು ಮಾತಾಡಿಸುತ್ತಲೇ ಇರಬೇಕು ಅನ್ನುವ ಗರಜು ಹುಟ್ಟಿದ್ದೇ ಈ ಸ್ಕೋರಿಂಗ್‌ನಿಂದ.

ಮೂವತ್ತರ ದಶಕದಲ್ಲಿ ಎಲಿ ಕಲ್ಬರ್ಟ್‌ಸನ್ ಇದನ್ನು ಒಂದು ಪದ್ಧತಿಗೆ ತಂದ. ಎರಡರ ಲೆವೆಲ್‌ನಲ್ಲಿ ಸೂಟ್ ಓಪನ್ ಮಾಡಿದರೆ (ಮೊದಲ ಬಿಡ್ ಅದೇ ಆದರೆ) ಗೇಮ್‌ವರೆಗೂ ಯಾರೂ ನಿಲ್ಲಬಾರದು. ಅದೇ ದಶಕದಲ್ಲಿ ಲಂಡನ್ನಿನ ಏಕಾಲ್ ರಸ್ತೆಯ ಹುಡುಗರು ಬೇರೆ ದಾರಿ ಹಿಡಿದರು. ಅವರ ಏಕಾಲ್ ಪದ್ಧತಿಯಲ್ಲಿ ಬಹಳಷ್ಟು ಬಿಡ್‌ಗಳು ಕೈಯ ಬಲ ಇಷ್ಟೇ ಎಂದು ಹೇಳಿ ಸುಮ್ಮನಾಗುತ್ತವೆ. ಮುಂದೆ ಹೋಗೋದು, ಬಿಡೋದು ಪಾರ್ಟ್‌ನರ್‌ಗೆ ಬಿಟ್ಟಿದ್ದು.

ಆಮೇಲೆ ಚಾರ್ಲ್ಸ್ ಗೊರೆನ್ ಬಂದ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಜಾಕಿಗೆ 1 ಅನ್ನುವ ಲೆಕ್ಕ ಮನೆಮನೆಗೆ ತಲುಪಿದ್ದು ಅವನಿಂದ, 1949ರ ನಂತರ. ಗೊರೆನ್ ಪ್ರಕಾರ ಪಾರ್ಟ್‌ನರ್‌ನ ಒಂದು ಸ್ಪೇಡ್‌ಗೆ ಮೂರು ಸ್ಪೇಡ್ ಅಂದರೆ ಗೇಮ್‌ಗೆ ಫೋರ್ಸಿಂಗ್. ಏಕಾಲ್ ಪ್ರಕಾರ ಅದೇ ಬಿಡ್ "ಚೂರು ಜಾಸ್ತಿ ಇದ್ದರೆ ನಾಲ್ಕು ಹೇಳು, ಇಲ್ಲದಿದ್ದರೆ ಬಿಡು" ಎಂದು. ಈಗ ಒಂದು ಕೈ ನೋಡಿ. ಓಪನ್ ಮಾಡಿದವನ ಹತ್ತಿರ ಎಕ್ಕ, ರಾಣಿ ಸೇರಿ ಐದು ಸ್ಪೇಡ್, ಹಾರ್ಟ್ ರಾಜ, ಡೈಮಂಡ್ ರಾಜ, ಕ್ಲಬ್‌ನಲ್ಲಿ ಬರೀ ಸಣ್ಣ ಎಲೆ: 12 ಪಾಯಿಂಟ್. ಅವನ ಪಾರ್ಟ್‌ನರ್ ಹತ್ತಿರ ರಾಜ, ಜಾಕಿ ಸೇರಿ ನಾಲ್ಕು ಸ್ಪೇಡ್, ಹಾರ್ಟ್ ಎಕ್ಕ, ಡೈಮಂಡ್ ಎಕ್ಕ, ಕ್ಲಬ್ ರಾಜ ಮತ್ತು ಒಂದು ಸಣ್ಣ ಎಲೆ: 15. ಗೊರೆನ್ ಕಲಿತವನು ಮೂರು ಸ್ಪೇಡ್ ಅಂದ. ಏಕಾಲ್ ಕಲಿತವನು ತನ್ನ 12 ನೋಡಿಕೊಂಡು ಪಾಸ್ ಅಂದ. ಹತ್ತು ಟ್ರಿಕ್ ಬಂದವು, ಸಿಕ್ಕಿದ್ದು 170. ನಾಲ್ಕು ಸ್ಪೇಡ್ ಹೇಳಿ ಗೇಮ್ ಮುಟ್ಟಿದ್ದರೆ ವಲ್ನರಬಲ್ (ಬೋನಸ್ಸು, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಅಲ್ಲದಿದ್ದರೂ 420. ಇಬ್ಬರೂ ತಾವು ಕಲಿತ ಪಾಠದಂತೆಯೇ ಆಡಿದ್ದಾರೆ.

ನಮ್ಮ ಕಡೆ ಇದು ಜಾಸ್ತಿ ಕಾಣೋದಕ್ಕೆ ಕಾರಣ ಇದೆ. ತೋರಣಗಲ್ಲಿನ ಸ್ಟೀಲ್ ಪ್ಲಾಂಟ್, ಶಕ್ತಿನಗರದ ಥರ್ಮಲ್, ಬ್ಯಾಂಕು, ರೈಲ್ವೆ ಅಂತ ವರ್ಗವಾಗಿ ಬಂದವರು ಸೇರಿದರೆ ಒಂದು ಟೇಬಲ್ ಆಗುತ್ತದೆ. ಒಬ್ಬರು ಕೋಲ್ಕತ್ತದಲ್ಲಿ ಕಲಿತವರು, ಒಬ್ಬರು ಅಪ್ಪನಿಂದ, ಇನ್ನೊಬ್ಬರು ಮೊಬೈಲ್‌ನಲ್ಲಿ. ನಾಲ್ಕು ಕುರ್ಚಿಯಲ್ಲಿ ನಾಲ್ಕು ದಶಕ ಕೂತಿರುತ್ತವೆ.

ದೊಡ್ಡ ತಿರುವು ಬಂದಿದ್ದು ಐವತ್ತರ ದಶಕದಲ್ಲಿ, ಆಲ್ವಿನ್ ರಾತ್ ಮತ್ತು ಟೋಬಿಯಸ್ ಸ್ಟೋನ್ ಅವರಿಂದ. ಅದು ಮುಂದೆ ಬೆಳೆದು "ಟೂ ಓವರ್ ಒನ್" ಆಯಿತು. ಒಂದು ಸ್ಪೇಡ್‌ಗೆ ಎರಡು ಕ್ಲಬ್ ಅಂದರೆ ಮೊದಲು ಒಂದು ಸುತ್ತಿಗೆ ಮಾತ್ರ ಫೋರ್ಸಿಂಗ್ ಇತ್ತು. ಟೂ ಓವರ್ ಒನ್‌ನಲ್ಲಿ ಗೇಮ್ ಮುಟ್ಟುವವರೆಗೂ ಯಾರೂ ನಿಲ್ಲುವ ಹಾಗಿಲ್ಲ. ನನಗೆ ಇದು ಬಹಳ ಹಿಡಿಸುತ್ತದೆ. ಗೇಮ್ ಖಾತ್ರಿ ಆದ ಮೇಲೆ ಎರಡು ಸ್ಪೇಡ್, ಮೂರು ಸ್ಪೇಡ್ ಅಂತ ನಿಧಾನವಾಗಿ ಕೈ ಬಿಡಿಸಿ ಹೇಳಬಹುದು, ಸ್ಲ್ಯಾಮ್ (12 ಇಲ್ಲವೆ 13 ಟ್ರಿಕ್‌ನ ಬಿಡ್) ಹುಡುಕಬಹುದು.

ಆದರೆ ಬೆಲೆ ತೆರಬೇಕಾಗಿದ್ದು ಇನ್ನೊಂದು ಕಡೆ. ಗೇಮ್‌ಗೆ ಸಾಲದ ಬಹುಪಾಲು ಕೈಗಳು ತುರುಪಿಲ್ಲದ ಬಿಡ್ ಆದ ಒಂದು ನೋಟ್ರಂಪ್‌ನಲ್ಲಿ ತುಂಬಿಕೊಂಡವು. 6 ಪಾಯಿಂಟ್‌ನದೂ ಅದೇ, 11ರದೂ ಅದೇ. ಹಾಗಾಗಿ ಆ ಒಂದು ನೋಟ್ರಂಪ್ ಕೂಡ ಫೋರ್ಸಿಂಗ್ ಆಯಿತು, ಓಪನ್ ಮಾಡಿದವನು ಮೂರೇ ಎಲೆಯ ಕ್ಲಬ್ ಇದ್ದರೂ ಎರಡು ಕ್ಲಬ್ ಹೇಳಬೇಕಾಯಿತು. ಹೊಸದಾಗಿ ಬಂದವರು ಟೂ ಓವರ್ ಒನ್ ಆಡ್ತೀವಿ ಅಂತಾರೆ, ಒಂದು ನೋಟ್ರಂಪ್‌ಗೆ ಮಾತ್ರ ಹಳೇ ಅಭ್ಯಾಸದಲ್ಲಿ ಪಾಸ್ ಹೇಳ್ತಾರೆ. ಅರ್ಧ ಪದ್ಧತಿ ತಂದರೆ ಹೀಗೇ ಆಗೋದು.

ನಾಲ್ಕನೇ ಸೂಟ್‌ನದೂ ಇಂಥದ್ದೇ. ಒಂದು ಹಾರ್ಟ್, ಒಂದು ಸ್ಪೇಡ್, ಎರಡು ಕ್ಲಬ್ ಆದ ಮೇಲೆ ಎರಡು ಡೈಮಂಡ್ ಅಂದರೆ ಡೈಮಂಡ್ ಇದೆ ಎಂದಲ್ಲ, "ನಿನ್ನ ಕೈ ಇನ್ನಷ್ಟು ಹೇಳು" ಎಂದು. ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಅದು ಒಂದು ಸುತ್ತಿಗಾ, ಗೇಮ್‌ವರೆಗಾ ಅಂದರೆ ಟೇಬಲ್ ಎರಡಾಗುತ್ತದೆ.

ಎದುರಾಳಿ ಬಾಯಿ ಹಾಕಿದರಂತೂ ಮುಗಿಯಿತು. ಒಂದು ಡೈಮಂಡ್, ಎದುರಾಳಿಯ ಒಂದು ಸ್ಪೇಡ್, ನೀವು ಎರಡು ಹಾರ್ಟ್. ಹಳೇ ರೂಢಿಯಲ್ಲಿ ಇದು ಫೋರ್ಸಿಂಗ್. ನೆಗೆಟಿವ್ ಡಬಲ್ (ದಂಡಕ್ಕಲ್ಲ, ಇನ್ನೂ ಹೇಳದ ಸೂಟ್ ಇದೆ ಎಂದು ತಿಳಿಸುವ ಡಬಲ್) ಬಂದ ಮೇಲೆ ಕೆಲವರು ಬಲವಾದ ಕೈಗೆ ಡಬಲ್ ಹೇಳಿ, ಎರಡು ಹಾರ್ಟ್ ಅನ್ನು ಸಾಧಾರಣ ಕೈಗೆ ಇಟ್ಟುಕೊಂಡರು. ಅಲ್ಲಿ ಪಾಸ್ ಹೇಳಬಹುದು.

ಕನ್ವೆನ್ಶನ್‌ಗಳ (ವಿಶೇಷ ಅರ್ಥ ಕೊಟ್ಟ ಬಿಡ್‌ಗಳ) ಪಟ್ಟಿ ಬೆಳೆಯುತ್ತಲೇ ಇದೆ. ದಿನಾ ಬರುವ ಇಂಥ ಸಾದಾ ಬಿಡ್‌ಗಳ ಬಗ್ಗೆ ಕೂತು ಮಾತಾಡೋದು ಕಡಿಮೆಯಾಗಿದೆ. ಹೊಸ ಪಾರ್ಟ್‌ನರ್ ಸಿಕ್ಕರೆ ಎಲೆ ಹಂಚುವ ಮೊದಲು ಮೂರು ಸ್ಪೇಡ್, ಒಂದು ನೋಟ್ರಂಪ್, ನಾಲ್ಕನೇ ಸೂಟ್, ಎದುರಾಳಿ ನುಗ್ಗಿದಾಗಿನ ಹೊಸ ಸೂಟ್, ಈ ನಾಲ್ಕನ್ನು ಕೇಳಿಬಿಡಿ. ಐದು ನಿಮಿಷ ಸಾಕು. ಉತ್ತರವನ್ನು ಎದುರಾಳಿಗಳಿಗೂ ತಿಳಿಸಿ, ಪಾರ್ಟ್‌ನರ್ ಜೊತೆಗಿನ ಒಪ್ಪಂದ ಏನೆಂದು ಕೇಳಿ ತಿಳಿಯುವ ಹಕ್ಕು ಅವರಿಗೂ ಇದೆ.