ಇಕಿಟೋಸ್‌ಗೆ ಹೊರಟಿದ್ದೀರಾ? ಹಾವಿನ ಚಿಂತೆ ಬಿಡಿ, ಸೊಳ್ಳೆ ವಿಷ್ಯ ಕೇಳಿ

ಪೆರುವಿನ ಇಕಿಟೋಸ್‌ಗೆ ಹೋಗ್ತೀವಿ ಅಂತ ನನ್ನ ಟ್ರಾವೆಲ್ ಕ್ಲಿನಿಕ್‌ಗೆ ಬರೋರು ಮೊದ್ಲು ಕೇಳೋದೇ ಅನಕೊಂಡ, ಪಿರಾನಾ ಬಗ್ಗೆ. ನಾನು ಕೇಳೋದು ಬೇರೆ, ಊರೊಳಗೆ ಎಷ್ಟು ದಿನ ಇರ್ತೀರಾ, ನದಿ ದಂಡೆ ಲಾಡ್ಜಲ್ಲಿ ಎಷ್ಟು ರಾತ್ರಿ ಮಲಗ್ತೀರಾ ಅಂತ.

ಯಾಕಂದ್ರೆ ಅಮೆಜಾನ್ ಕಾಡಿನ ನಡುವೆ ಇದ್ರೂ ಇದು ಲಕ್ಷಾಂತರ ಜನ ಇರೋ ಪಟ್ಟಣ. ಹೊರಗಿಂದ ರಸ್ತೆನೇ ಇಲ್ಲ, ಇರೋ ಒಂದು ರೋಡು ಸುಮಾರು 100 ಕಿ.ಮೀ. ಹೋಗಿ ನೌತಾದಲ್ಲಿ ಮುಗಿಯುತ್ತೆ, ಮಿಕ್ಕಿದ್ದೆಲ್ಲ ಲಿಮಾದಿಂದ ವಿಮಾನ, ಇಲ್ಲಾ ಪುಕಾಲ್ಪಾ, ಯುರಿಮಾಗ್ವಾಸ್ ಕಡೆಯಿಂದ ಹ್ಯಾಮಕ್ ಕಟ್ಕೊಂಡು ದಿನಗಟ್ಟಲೆ ಬೋಟಲ್ಲಿ ಬರೋದು. ಇಷ್ಟು ಜನ ಒತ್ತಾಗಿರೋ ಕಡೆ, ಮನೆ ಮನೇಲೂ ನೀರು ತುಂಬಿಡೋ ಡ್ರಮ್ಮು, ಬಕೆಟ್ಟು ಇರೋ ಕಡೆ ಡೆಂಗಿ ಸೊಳ್ಳೆ ಆರಾಮಾಗಿ ಬೆಳೆಯುತ್ತೆ. ಅದು ಕಚ್ಚೋದು ಹಗಲು ಹೊತ್ತು. ಹಾಗಾಗಿ ಬೆಲೆನ್ ಮಾರ್ಕೆಟ್ ಸುತ್ತೋವಾಗ, ಕಬ್ಬಿಣದ ಮನೆ ನೋಡೋಕೆ ಹೋದಾಗ್ಲೇ ತುಂಬು ತೋಳಿನ ಬಟ್ಟೆ, ರಿಪೆಲ್ಲೆಂಟ್ ಬೇಕು, ರಾತ್ರಿ ಪರದೆ ಕಟ್ಕೊಂಡ್ರೆ ಸಾಕು ಅನ್ನೋದು ಇಲ್ಲಿ ನಡೆಯಲ್ಲ.

ಮಲೇರಿಯಾ ಸೊಳ್ಳೆ ಇದರ ಉಲ್ಟಾ. ಅದು ಊರಾಚೆ, ನದಿ ಪಕ್ಕದ ಹಳ್ಳಿಗಳಲ್ಲಿ ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತೆ. ಲಾಡ್ಜಲ್ಲಿ ಉಳಿಯೋರಿಗೆ ಔಷಧಿ ಹಚ್ಚಿದ ಪರದೆ ಜೊತೆಗೆ ಮಾತ್ರೆನೂ ಬರೆದುಕೊಡ್ತೀನಿ. ಕ್ಲೋರೋಕ್ವಿನ್ ಮಾತ್ರೆ ಒಂದನ್ನೇ ನಂಬ್ಕೊಂಡು ಹೋಗ್ಬೇಡಿ, ಇಕಿಟೋಸ್ ಇರೋ ಲೊರೆಟೊ ಪ್ರಾಂತ್ಯದಲ್ಲಿ ವೈವಾಕ್ಸ್ ಅನ್ನೋ ಜಾತಿಯ ಮಲೇರಿಯಾ ಜಾಸ್ತಿ ಇದ್ರೂ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಮ್ ಅನ್ನೋ ಇನ್ನೊಂದು ಜಾತಿನೂ ಇದೆ.

ಸೊಳ್ಳೆಯಿಂದಲೇ ಬರೋ ಯೆಲ್ಲೋ ಫೀವರ್‌ಗೆ ಲಸಿಕೆನ ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸ್ಕೊಳ್ಳಿ. ಬಹುತೇಕರಿಗೆ ಒಂದೇ ಡೋಸ್ ಜೀವನಪೂರ್ತಿ ಸಾಕು, ಆದ್ರೆ 60 ದಾಟಿದವ್ರು, ಬಸುರಿ ಹೆಂಗಸ್ರು, ರೋಗನಿರೋಧಕ ಶಕ್ತಿ ಕಮ್ಮಿ ಇರೋರು ಡಾಕ್ಟ್ರ ಹತ್ರ ಕೂತು ಮಾತಾಡಿದ ಮೇಲೇ ತಗೋಬೇಕು. ಲಸಿಕೆ ಹಾಕಿಸಿದ್ದಕ್ಕೆ ಕೊಡೋ ಹಳದಿ ಕಾರ್ಡು ಪಾಸ್‌ಪೋರ್ಟ್ ಜೊತೆಗೇ ಇರ್ಲಿ, ಅಲ್ಲಿಂದ ಭಾರತಕ್ಕೆ ವಾಪಸ್ ಬರೋವಾಗ್ಲೂ ಕೇಳ್ತಾರೆ.

ನದಿ ಏರಿಳಿತ ನೋಡ್ಕೊಂಡು ಪ್ಲಾನ್ ಮಾಡಿ. ಏಪ್ರಿಲ್-ಮೇ ಹೊತ್ತಿಗೆ ನೀರು ತುಂಬಿ ಬೆಲೆನ್‌ನ ತಗ್ಗಿನ ಓಣಿಗಳಲ್ಲಿ ದೋಣಿ ಓಡುತ್ತೆ, ಸೆಪ್ಟೆಂಬರ್ ಸುಮಾರಿಗೆ ಅದೇ ಜಾಗ ಕೆಸರು. ಎರಡೂ ಕಾಲದಲ್ಲಿ ಕುಡಿಯೋಕೆ ಬಾಟಲಿ ನೀರೇ. ಇನ್ಶೂರೆನ್ಸಲ್ಲಿ ವಿಮಾನದಲ್ಲಿ ಸಾಗಿಸೋ ಖರ್ಚು ಸೇರಿದ್ಯಾ ಅಂತ ಖಂಡಿತ ನೋಡಿ, ಊರಲ್ಲಿ ಆಸ್ಪತ್ರೆ ಇದೆ, ಆದ್ರೆ ಕೇಸು ಕೈ ಮೀರಿ ಲಿಮಾಗೆ ಹೋಗ್ಬೇಕಾದ್ರೆ ಆಂಬ್ಯುಲೆನ್ಸ್ ಓಡೋಕೆ ದಾರಿನೇ ಇಲ್ವಲ್ಲ.

ಜ್ವರ ಬಂದ್ರೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಬೇಡಿ, ಡೆಂಗಿ ಆಗಿದ್ರೆ ರಕ್ತಸ್ರಾವ ಜಾಸ್ತಿಯಾಗುತ್ತೆ, ಪ್ಯಾರಾಸಿಟಮಾಲ್ ಮಾತ್ರ ತಗೊಂಡು ಡಾಕ್ಟ್ರನ್ನ ನೋಡಿ. ವೈವಾಕ್ಸ್ ಅಂತೂ ಲಿವರ್‌ನಲ್ಲಿ ಅಡಗಿ ತಿಂಗಳುಗಟ್ಟಲೆ ಆದ್ಮೇಲೂ ಏಳುತ್ತೆ, ಹಾಗಾಗಿ ಮನೆಗೆ ಬಂದು ಎಷ್ಟೇ ದಿನ ಆಗಿದ್ರೂ ಜ್ವರ ಅಂದ ಕೂಡ್ಲೇ ಅಮೆಜಾನ್‌ಗೆ ಹೋಗಿದ್ದೆ ಅಂತ ಡಾಕ್ಟ್ರಿಗೆ ಹೇಳಿ ಅವತ್ತೇ ಮಲೇರಿಯಾ ಟೆಸ್ಟ್ ಮಾಡಿಸಿ.